ಸೀಟು ನಾವೇ ಹೇಳ್ತೀವಿ: ನಮ್ಮ ಕೋಸ್ಟರಿನ ಅನುಭವ

ಈ ಸಲದ ಮುಂಬೈನ ಮಾಹಿಮ್ ಮೇಳದಲ್ಲಿ ಒಂದು ಶನಿವಾರ ಸಂಜೆ ಏಳರಿಂದ ಹತ್ತೂವರೆಯೊಳಗೆ ನಮ್ಮ ರೋಲರ್ ಕೋಸ್ಟರ್ 50ರ ಹತ್ತಿರ ಟ್ರಿಪ್ ಓಡಿತು. ಎರಡು ವರ್ಷದ ಹಿಂದೆ ಅದೇ ಮೇಳ, ಅದೇ ಮಷಿನ್, ಅದೇ ಮೋಟಾರು, ಅಷ್ಟೇ ಹೊತ್ತಿನಲ್ಲಿ 32 ದಾಟಿರಲಿಲ್ಲ. ಈ ನಡುವೆ ಚೈನ್ ಬದಲಿಸಿಲ್ಲ, ಒಬ್ಬ ಹುಡುಗನನ್ನೂ ಜಾಸ್ತಿ ಇಟ್ಟಿಲ್ಲ. ಬದಲಾಗಿದ್ದು ಒಂದೇ. ಯಾರು ಎಲ್ಲಿ ಕೂರಬೇಕು ಅಂತ ಈಗ ನಾವು ಹೇಳುತ್ತೇವೆ.

ಶುರು ಮಾಡಿದಾಗ ಜಾತ್ರೆಗಳಲ್ಲಿ ಮಷಿನ್ ಹಾಕುವ ನಮ್ಮ ಲೈನಿನವರು ಯಾರೂ ಒಪ್ಪಲಿಲ್ಲ. ಪಕ್ಕದಲ್ಲೇ ಕೊಲಂಬಸ್ (ತೂಗುವ ದೋಣಿ) ಹಾಕುವ ಗದಗಿನ ಹಿರಿಯರೊಬ್ಬರು ಎಲ್ಲರ ಎದುರಿಗೇ ಅಂದಿದ್ದರು, "ಜಾತ್ರಿಗೆ ಬಂದ ಮಂದಿ ಟಾಕೀಸಿಗೆ ಬಂದಂಗ ಸೀಟ್ ನಂಬರ್ ನೋಡ್ತಾರೇನೋ ತಮ್ಮಾ? ರೊಕ್ಕ ಕೊಟ್ಟಾರ, ಬೇಕಾದಲ್ಲಿ ಕುಂದರ್ತಾರ." ಮಷಿನ್‌ನಲ್ಲಿ ಅರ್ಧ ಪಾಲು ಇರುವ ನಮ್ಮ ಭಾವನದೂ ಅದೇ ಮಾತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಚೈನ್ ಎಳೆಯುವ ಮಷಿನ್. ಐದು ಡಬ್ಬಿ, ಡಬ್ಬಿಗೆ ನಾಲ್ಕು ಸೀಟು, ಒಟ್ಟು 20. ಮುಂದೆ ಡ್ರ್ಯಾಗನ್ ಮುಖ. ಎಲ್ಲ ತೊಂದರೆ ಶುರುವಾಗುವುದು ಆ ಮುಖದಿಂದಲೇ, ನಿಮಗೂ ಗೊತ್ತು. ಗೇಟು ತೆಗೆದರೆ ಸಾಕು, 20 ಜನವೂ ಅದರ ಕಡೆಗೇ ಓಡುತ್ತಾರೆ. ಎರಡು ಸೀಟಿಗೆ ಎಂಟು ಜನ. ಅಲ್ಲಿ ಸಿಗದವರು ಎರಡನೇ ಡಬ್ಬಿಗೆ ಬರುವಷ್ಟರಲ್ಲಿ ಅದೂ ತುಂಬಿರುತ್ತದೆ. ಮೂರು ಜನ ಗೆಳೆಯರು ಒಂದು ಡಬ್ಬಿಯಲ್ಲಿ ಕೂತು ನಾಲ್ಕನೇ ಸೀಟಿನಲ್ಲಿ ಬ್ಯಾಗ್ ಇಡುತ್ತಾರೆ. ತಾಯಿ ಒಂದು ಕಡೆ, ಮಗು ಇನ್ನೊಂದು ಕಡೆ, ಮತ್ತೆ ಇಳಿಸು, ಮತ್ತೆ ಹತ್ತಿಸು. ಒಂದು ರಾತ್ರಿ ನಾನು ಎಡ ಜೇಬಿನಲ್ಲಿ ಬೆಂಕಿಕಡ್ಡಿ ಇಟ್ಟುಕೊಂಡು, ಖಾಲಿ ಹೋದ ಸೀಟಿಗೆ ಒಂದೊಂದನ್ನು ಬಲ ಜೇಬಿಗೆ ಹಾಕುತ್ತಾ ಹೋದೆ. ಒಂಬತ್ತು ಗಂಟೆಗೇ ಒಂದು ಡಬ್ಬಿ ಕಡ್ಡಿ ಮುಗಿದು ಇನ್ನೊಂದು ತರಿಸಬೇಕಾಯಿತು. ಹೊರಗೆ ನೂರು ಜನ ಕ್ಯೂನಲ್ಲಿ ನಿಂತಿದ್ದಾರೆ, ಒಳಗೆ ಟ್ರಿಪ್ಪಿಗೆ ನಾಲ್ಕೈದು ಸೀಟು ಖಾಲಿ ಓಡುತ್ತಿದೆ. ಟಿಕೆಟ್ 80 ರೂಪಾಯಿ. ಲೆಕ್ಕ ನೀವೇ ಹಾಕಿ.

ಸುತ್ತುವುದಕ್ಕೆ ಎರಡು ನಿಮಿಷ. ಇಳಿಸಿ ಹತ್ತಿಸುವುದಕ್ಕೆ ನಾಲ್ಕೂವರೆ. ಅಂದರೆ ಮಷಿನ್ ಓಡಿದ್ದಕ್ಕಿಂತ ನಿಂತದ್ದೇ ಜಾಸ್ತಿ. ಜನರೇಟರ್ ಮಾತ್ರ ನಿಲ್ಲುವುದಿಲ್ಲ, ಅಲ್ವಾ.

ಮೊದಲು ಮಾಡಿದ್ದು ಬಣ್ಣದ ಟಿಕೆಟ್. ಐದು ಡಬ್ಬಿಗೆ ಐದು ಬಣ್ಣ, ಕೌಂಟರಿನಲ್ಲೇ ಡಬ್ಬಿ ನಿರ್ಧಾರ. ಪ್ರಿಂಟಿಗೆ ಆರು ಸಾವಿರ ಹೋಯಿತು. ಗೋವಾದ ಮಡಗಾಂವ್ ಕಡೆ ಒಂದು ಫೆಸ್ತಿಗೆ (ಚರ್ಚಿನ ಹಬ್ಬಕ್ಕೆ) ಹಾಕಿದಾಗ ಎರಡೇ ರಾತ್ರಿಯಲ್ಲಿ ಕೈಬಿಟ್ಟೆವು. ಕೌಂಟರಿನ ಹುಡುಗನಿಗೆ ಅವಸರ, ಒಂದೇ ಮನೆಯವರಿಗೆ ಮೂರು ಬಣ್ಣ ಹರಿದುಕೊಟ್ಟ. ಟಿಕೆಟ್ ತೆಗೆದುಕೊಂಡವರು ಸೀದಾ ಕ್ಯೂಗೆ ಬರುವುದೂ ಇಲ್ಲ, ಗೋಬಿ ತಿಂದು ಬರುತ್ತಾರೆ. ಹಾಗಾಗಿ ಒಂದು ಟ್ರಿಪ್ಪಿಗೆ ಹತ್ತು ಕೆಂಪು, ಇನ್ನೊಂದಕ್ಕೆ ಒಂದೂ ಇಲ್ಲ. ಆ ಎರಡು ರಾತ್ರಿ ಕೇಳಿಸಿಕೊಂಡ ಬೈಗುಳ ಒಂದಿಡೀ ಸೀಸನ್ನಿನಲ್ಲಿ ಕೇಳಿರಲಿಲ್ಲ.

ಆಮೇಲೆ ಪ್ಲಾಟ್‌ಫಾರ್ಮಿನ ಹಲಗೆ ಮೇಲೆ ಸೀಮೆಸುಣ್ಣದಲ್ಲಿ 1ರಿಂದ 5 ಬರೆದೆವು. ಅದು ಬಾಂದ್ರಾದ ಮೌಂಟ್ ಮೇರಿ ಮೇಳ, ಸೆಪ್ಟೆಂಬರ್. ಮಳೆ ಬಂತು, ನಂಬರ್ ಹೋಯಿತು. ಪೇಂಟ್ ಹಚ್ಚಿದೆವು. ಆದರೆ ಅಷ್ಟು ಜನರ ಕಾಲಡಿ ನೆಲದ ನಂಬರ್ ಯಾರಿಗೆ ಕಾಣುತ್ತದೆ? ತಲೆ ಬಗ್ಗಿಸಿ ನೋಡುವ ಜಾಗವಲ್ಲ ಜಾತ್ರೆ.

ಮೂರನೆಯದು ಭಾವನ ಐಡಿಯಾ. ಮುಂದಿನ ಸೀಟಿಗೆ 40 ರೂಪಾಯಿ ಜಾಸ್ತಿ. ಮೊದಲ ವಾರ ದುಡ್ಡು ಬಂತು, ಸುಳ್ಳು ಹೇಳಲಾರೆ. ಆದರೆ ನಮ್ಮದೇ ಹುಡುಗನೊಬ್ಬ 20 ರೂಪಾಯಿ ಕೈಗೆ ಹಾಕಿಸಿಕೊಂಡು ಬೇರೆಯವರನ್ನು ಅಲ್ಲಿ ಕೂರಿಸಲು ಶುರು ಮಾಡಿದ. 120 ಕೊಟ್ಟವರು ಕೆಳಗೆ ನಿಂತು ನೋಡುತ್ತಿದ್ದಾರೆ. ಜಗಳ ಕೈಕೈ ಮಿಲಾಯಿಸುವ ತನಕ ಹೋಯಿತು, ಕೂತವರನ್ನು ಸೀಟಿನಲ್ಲಿ ಹಿಡಿದಿಡುವ ಬಾರ್ ಚೆಕ್ ಮಾಡುವವನು ಆ ಕೆಲಸ ಬಿಟ್ಟು ಜಗಳ ಬಿಡಿಸಲು ಓಡಿದ. ಅದನ್ನು ನೋಡಿದ ಮೇಲೆ ನನಗೆ ಆ 40 ರೂಪಾಯಿ ಬೇಡವೇ ಬೇಡ ಅನ್ನಿಸಿತು. ಅವತ್ತೇ ನಿಲ್ಲಿಸಿದೆ.

ನಡುವೆ ಮಗನನ್ನು ಕರೆದುಕೊಂಡು ಖೋಪೋಲಿಯ ಇಮ್ಯಾಜಿಕಾ ಪಾರ್ಕಿಗೆ ಹೋಗಿದ್ದೆ. ಅಲ್ಲಿನ ನೈಟ್ರೋ ಕೋಸ್ಟರ್ ಸ್ವಿಟ್ಜರ್ಲೆಂಡಿನ ಬೋಲಿಗರ್ ಅಂಡ್ ಮಬಿಲಾರ್ಡ್ ಕಂಪನಿಯದು, ಸಾಲಿಗೆ ನಾಲ್ಕು ಸೀಟು, ಕಾಲ ಕೆಳಗೆ ನೆಲ ಇಲ್ಲ. ಮಗ ಎರಡನೇ ಸಲಕ್ಕೆ ಬೇಡ ಅಂದ. ನಾನು ಎರಡು ಸಲ ಕೂತೆ, ಒಮ್ಮೆ ಮುಂದೆ, ಒಮ್ಮೆ ಹಿಂದೆ. ಮುಂದೆ ಕೂತಾಗ ಎದುರಿಗೆ ಬರೀ ಆಕಾಶ, ಆದರೆ ಹಿಂದಿನ ಡಬ್ಬಿಗಳು ಇನ್ನೂ ಏರುತ್ತಿರುವುದರಿಂದ ತುದಿ ದಾಟಿದ ಮೇಲೂ ಒಂದು ಕ್ಷಣ ತಡೆದಂತೆ ಆಗುತ್ತದೆ. ಹಿಂದೆ ಕೂತಾಗ ಮುಂದಿನದೆಲ್ಲ ಆಗಲೇ ಇಳಿಯುತ್ತಿರುತ್ತದೆ. ನಮ್ಮನ್ನು ತುದಿಯಿಂದ ಕಿತ್ತು ಎಸೆದ ಹಾಗೆ. ಇಪ್ಪತ್ತು ವರ್ಷ ಈ ಕೆಲಸದಲ್ಲಿದ್ದೂ ನನ್ನದೇ ಮಷಿನ್‌ನಲ್ಲಿ ನಾನು ಒಮ್ಮೆಯೂ ಬಾಲದಲ್ಲಿ ಕೂತಿರಲಿಲ್ಲ.

ಗೋವಾದ ವಾಸ್ಕೋಗೆ ಬಂದವನೇ ಖಾಲಿ ಮಧ್ಯಾಹ್ನ ಒಂದು ಪರೀಕ್ಷೆ ಮಾಡಿದೆ. ಮನೆಯ ಮೂರು ಸ್ಟೀಲ್ ಚೊಂಬು ತಂದೆ, ಮೂರೂ ಒಂದೇ ಅಳತೆಯವು. ಕುತ್ತಿಗೆಯಿಂದ ಎರಡು ಬೆರಳು ಕೆಳಗೆ ನೀರು. ಮೊದಲನೇ, ಮೂರನೇ, ಐದನೇ ಡಬ್ಬಿಯ ಸೀಟಿಗೆ ಹಳೇ ಸೈಕಲ್ ಟ್ಯೂಬಿನಲ್ಲಿ ಬಿಗಿದು ಕಟ್ಟಿದೆ. ಡಬ್ಬಿ ತೀರಾ ಹಗುರ ಆಗದಿರಲಿ ಅಂತ ಮರಳು ಚೀಲ ಇಟ್ಟೆ. ಒಂದು ಸುತ್ತು ಬಂತು. ಮುಂದಿನ ಚೊಂಬಿನಿಂದ ಸ್ವಲ್ಪ ತುಳುಕಿತ್ತು. ನಡುವಿನದು ಹೆಚ್ಚುಕಮ್ಮಿ ಹಾಗೇ ಇತ್ತು. ಹಿಂದಿನದರಲ್ಲಿ ಅರ್ಧಕ್ಕಿಂತ ಕಡಿಮೆ ಉಳಿದು, ಸೀಟಿನ ಬೆನ್ನೆಲ್ಲ ಒದ್ದೆ. ನಾಲ್ಕು ಸಲ ಮಾಡಿದೆ, ನಾಲ್ಕೂ ಸಲ ಹಾಗೇ. ಭಾವ ಬಂದು ಬೆರಳು ಅದ್ದಿ ನೋಡಿದರು, ಏನೂ ಮಾತಾಡಲಿಲ್ಲ.

ಅಂದರೆ ಜನ ಜಗಳವಾಡುತ್ತಿದ್ದದ್ದು ಡ್ರ್ಯಾಗನ್ ಮುಖಕ್ಕೆ. ನಿಜವಾದ ಜೋರು ಇದ್ದದ್ದು ಬಾಲದಲ್ಲಿ. ಮರುದಿನದಿಂದ ಮೈಕಿನಲ್ಲಿ ಅದನ್ನೇ ಕೂಗಿಸಿದೆ, "ಧೈರ್ಯ ಇದ್ದವರು ಬಾಲಕ್ಕೆ ಬನ್ನಿ." ಒಂದೇ ವಾರದಲ್ಲಿ ಕಾಲೇಜು ಹುಡುಗರು ಮುಖ ಬಿಟ್ಟು ಹಿಂದಕ್ಕೆ ಹೋಗಲು ಶುರು ಮಾಡಿದರು. ಇದರಲ್ಲಿ ಸುಳ್ಳಿಲ್ಲ, ಅದಕ್ಕೇ ಉಳಿದುಕೊಂಡಿತು.

ಈಗ ನಡೆಯುತ್ತಿರುವ ಪದ್ಧತಿ ಹೀಗಿದೆ. ಪ್ಲಾಟ್‌ಫಾರ್ಮಿನಲ್ಲಿ ಜಿಐ ಪೈಪಿನ ಐದು ಗಲ್ಲಿ, ಡಬ್ಬಿಗೆ ಒಂದು. ನಂಬರ್ ಬದಲು ಕಣ್ಣೆತ್ತರದಲ್ಲಿ ಬಣ್ಣ, ಯಾಕೆಂದರೆ ಬಣ್ಣಕ್ಕೆ ಮರಾಠಿ, ಕೊಂಕಣಿ, ಕನ್ನಡ ಅಂತ ಇಲ್ಲ. ಪೈಪು, ವೆಲ್ಡಿಂಗ್ ಎಲ್ಲ ಸೇರಿ 14-15 ಸಾವಿರ. ಟ್ರೈನು ಸುತ್ತುತ್ತಿರುವಾಗಲೇ ಮುಂದಿನ 20 ಜನ ಗಲ್ಲಿಯಲ್ಲಿ ರೆಡಿ ನಿಂತಿರುತ್ತಾರೆ. ಆ ಕಡೆಯಿಂದ ಇಳಿಯುತ್ತಾರೆ, ಈ ಕಡೆಯಿಂದ ಹತ್ತುತ್ತಾರೆ. ಗಲ್ಲಿಯ ಬಾಯಲ್ಲಿ ನನ್ನ ತಂಗಿಯ ಮಗಳು ನಿಲ್ಲುತ್ತಾಳೆ. ಒಂದೇ ಪ್ರಶ್ನೆ, ಎಷ್ಟು ಜನ? ಮಾಹಿಮ್‌ನಲ್ಲಾದರೆ "ಕಿತ್ನೇ ಲೋಗ್", ವಾಸ್ಕೋದಲ್ಲಿ ನಮ್ಮವರು ಸಿಕ್ಕರೆ "ಎಷ್ಟ್ ಮಂದಿ ಅದೀರಿ". ಮೂರು ಅಂದರೆ ಹಳದಿ, ಎರಡು ಅಂದರೆ ನೀಲಿ. ಹೆದರಿದ ಮುಖ ಕಂಡರೆ ನಡುವಿನ ಹಸಿರು. ಮಗು ಇದ್ದರೆ ಪಕ್ಕಕ್ಕೆ ದೊಡ್ಡವರು ಇದ್ದೇ ಇರಬೇಕು. ಅದನ್ನು ಅವಳು ಅಲ್ಲೇ ನೋಡಿಕೊಳ್ಳುವುದರಿಂದ ಬಾರ್ ಚೆಕ್ ಮಾಡುವವನು ಬಾರ್ ಮಾತ್ರ ನೋಡಿದರೆ ಸಾಕು.

ಡ್ರ್ಯಾಗನ್ ಮುಖದ ಎರಡು ಸೀಟಿಗೆ ಮಾತ್ರ ಬೇರೆ ಸಾಲು. ದುಡ್ಡು ಜಾಸ್ತಿ ಇಲ್ಲ, ಕಾಯಬೇಕು ಅಷ್ಟೇ. ಇದು ನನ್ನ ತಲೆಯಿಂದ ಬಂದದ್ದಲ್ಲ. ಜರ್ಮನಿಯ ಯೂರೋಪಾ ಪಾರ್ಕಿನ ಸಿಲ್ವರ್ ಸ್ಟಾರ್ ಕೋಸ್ಟರಿನಲ್ಲಿ ಮುಂದಿನ ಸಾಲಿಗೆ ಬೇರೆ ಕ್ಯೂ ಇದೆ. ಡಿಸ್ನಿ ಪಾರ್ಕುಗಳಲ್ಲಿ ಎಷ್ಟು ಜನ ಅಂತ ಕೇಳಿ ಸಾಲಿನ ನಂಬರ್ ಹೇಳಿ ಕಳಿಸುತ್ತಾರೆ. ಮೊಬೈಲಿನಲ್ಲಿ ವಿಡಿಯೋ ನೋಡಿ ಎರಡನ್ನೂ ಸೇರಿಸಿದೆ. ಅಷ್ಟು ದೊಡ್ಡವರಿಗೆ ಬೇಕಾದದ್ದು ಜಾತ್ರೆಗೆ ಬೇಡ ಅನ್ನುವುದು ಯಾವ ಮಾತು?

ಒಂಟಿ ಸೀಟು ತುಂಬಿಸುವುದೇ ಇದರಲ್ಲಿ ಕಷ್ಟದ ಕೆಲಸ. ಮೂರು ಜನರ ಪಕ್ಕದಲ್ಲಿ ಕೂರಲು ಗೊತ್ತಿಲ್ಲದ ಒಬ್ಬರನ್ನು ಒಪ್ಪಿಸಬೇಕು. ತಂಗಿ ಮಗಳು ಅದಕ್ಕೆ ಒಂದು ಮಾತು ಇಟ್ಟುಕೊಂಡಿದ್ದಾಳೆ, ಹತ್ತರಲ್ಲಿ ಒಂಬತ್ತು ಜನ ಖುಷಿಯಿಂದ ಒಪ್ಪುತ್ತಾರೆ. ಆ ಮಾತನ್ನು ಇಲ್ಲಿ ಬರೆಯುವುದಿಲ್ಲ. ಮುಖದ ಸಾಲನ್ನು ಎಲ್ಲಿಂದ ಎಲ್ಲಿಗೆ ತಿರುಗಿಸಬೇಕು ಅನ್ನುವುದೂ ನಮ್ಮಲ್ಲೇ ಇರಲಿ.

ಹತ್ತಿಸಿ ಇಳಿಸುವುದು ಈಗ ಎರಡು ನಿಮಿಷದ ಸುತ್ತಮುತ್ತ. ಟ್ರಿಪ್ಪಿಗೆ 18-19 ಸೀಟು ಭರ್ತಿ. ಮೊದಲು ಒಳ್ಳೆಯ ರಾತ್ರಿಯಲ್ಲಿ 40 ಸಾವಿರ ಬಂದರೆ ಜಾಸ್ತಿ, ಈಗ 70 ದಾಟುತ್ತದೆ. ರಾತ್ರಿಗೆ ಎರಡು ಮೂರು ಗುಂಪು "ನಮಗೆ ಬೇಕಾದಲ್ಲೇ ಕೂರೋದು" ಅಂತ ಹಟ ಹಿಡಿಯುತ್ತವೆ. ವಾದ ಇಲ್ಲ, ದುಡ್ಡು ವಾಪಸ್.

ಇನ್ನೊಂದು ಲಾಭ ನಾನು ಎಣಿಸಿರಲಿಲ್ಲ. ಅರ್ಧ ಖಾಲಿ ಟ್ರಿಪ್ಪಿನಲ್ಲಿ ಮೊದಲು ಎಲ್ಲರೂ ಮುಂದೆಯೇ ಕೂರುತ್ತಿದ್ದರು, ಅದೂ ಒಂದೇ ಬದಿಗೆ. ಈಗ ಐದೂ ಡಬ್ಬಿಗೆ ಎಡಬಲ ನೋಡಿ ಹಂಚುತ್ತೇವೆ. ಮೊದಲನೇ ಡಬ್ಬಿಯ ಎಡಗಡೆ ಗಾಲಿಯ ರಬ್ಬರ್ ಸೀಸನ್ನಿಗೆ ಎರಡು ಸಲ ಬದಲಿಸುತ್ತಿದ್ದೆವು, ಈ ವರ್ಷ ಒಂದೇ ಸಲ.

ಮಧ್ಯಾಹ್ನ ಕ್ಯೂ ಇಲ್ಲದಾಗ ಮಾತ್ರ ಇದೆಲ್ಲ ಬಂದ್. ಗಲ್ಲಿ ತೆರೆದಿಟ್ಟು, ಬೇಕಾದಲ್ಲಿ ಕೂತ್ಕೊಳ್ಳಿ ಅನ್ನುತ್ತೇವೆ. ಆರು ಜನ ಇರುವಾಗ ಸುಮ್ನೆ ಯಾರನ್ನೂ ಅಲ್ಲಿ ಇಲ್ಲಿ ಕೂರಿಸಿ ಬೇಜಾರು ಮಾಡಬಾರದು. ಆ ಹೊತ್ತಿಗೆ ಬರುವ ಮಕ್ಕಳು ಡ್ರ್ಯಾಗನ್ ಮುಖದಲ್ಲಿ ಕೂತು ಫೋಟೋ ತೆಗೆಸಿಕೊಳ್ಳಲಿ. ಗಲ್ಲಿ ಮುಚ್ಚುವುದು ಕ್ಯೂ 30 ಜನ ದಾಟಿದ ಮೇಲೆ.

ಗದಗಿನ ಹಿರಿಯರು ಮಾಹಿಮ್‌ನಲ್ಲಿ ಕೊನೆಯ ದಿನ ಬೆಳಿಗ್ಗೆ ಟೇಪು ಹಿಡಿದು ಬಂದು ಗಲ್ಲಿಯ ಅಗಲ ಅಳೆದುಕೊಂಡು ಹೋದರು. ಬೇರೆಯವರೂ ಕೇಳುತ್ತಿದ್ದಾರೆ, ಅದಕ್ಕೆ ಹೇಳಿಬಿಡುತ್ತೇನೆ: ಅಗಲ ಎರಡೂವರೆ ಅಡಿ, ಉದ್ದ ಆರಡಿ, ಪೈಪು ಒಂದೂವರೆ ಇಂಚಿನದು. ಎರಡಡಿಗೆ ಮಾಡಬೇಡಿ, ನಮ್ಮ ಮೊದಲ ಸೆಟ್ ಹಾಗೆ ಮಾಡಿ ಮಗು ಎತ್ತಿಕೊಂಡವರು ಒಳಗೆ ಬರಲಾಗದೆ ಪೂರ್ತಿ ಬಿಚ್ಚಿ ಮತ್ತೆ ವೆಲ್ಡ್ ಮಾಡಿಸಿದೆವು.