ಥೈಮಸ್‌ನಲ್ಲಿ ಸತ್ತ ಕೋಶಗಳನ್ನು ಎಣಿಸಿದ ನನ್ನ ಅನುಭವ

ಆರು ವಾರದ ಇಲಿಯ ಎದೆಗೂಡನ್ನು ತೆರೆದರೆ ಹೃದಯದ ಮೇಲ್ಭಾಗಕ್ಕೆ ಅಂಟಿಕೊಂಡು ಎರಡು ಬಿಳಿ ಹಾಲೆಗಳು ಕಾಣುತ್ತವೆ. ಅದೇ ಥೈಮಸ್. ಚಿಮುಟವನ್ನು ಕೊಂಚ ಬಿಗಿ ಹಿಡಿದರೂ ಬೆಣ್ಣೆಯಂತೆ ಕಿತ್ತುಬರುತ್ತದೆ. ಹಾಗಾಗಿ ಬುಡದ ಪೊರೆಯನ್ನು ಬಿಡಿಸಿಕೊಂಡು ಇಡಿಯಾಗಿ ಎತ್ತಬೇಕು. ಅಷ್ಟು ಸಣ್ಣ ಅಂಗದಲ್ಲಿ ಸುಮಾರು 10 ಕೋಟಿ ಕೋಶಗಳಿರುತ್ತವೆ, ಅವುಗಳಲ್ಲಿ ಶೇ. 90ಕ್ಕೂ ಹೆಚ್ಚು ಅಲ್ಲಿಯೇ ಸಾಯುತ್ತವೆ. ಯಾವ ಕೋಶ ಯಾವ ಕಾರಣಕ್ಕೆ ಸಾಯುತ್ತದೆ ಎಂದು ಬೇರ್ಪಡಿಸಿ ಎಣಿಸುವುದು ನನ್ನ ಪಾಲಿಗೆ ಬಂದ ಕೆಲಸ.

ಥೈಮಸ್ ಎಂದರೆ ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕೋಶಗಳಾದ ಟಿ ಕೋಶಗಳ ಪಾಠಶಾಲೆ ಎಂದು ನಾನೂ ಕಿರಿಯರಿಗೆ ಹೇಳುತ್ತಿದ್ದೆ. ಅಸ್ಥಿಮಜ್ಜೆಯಿಂದ ಬಂದ ಎಳೆಯ ಕೋಶ ಇಲ್ಲಿ ಜೀನ್ ತುಣುಕುಗಳನ್ನು ಹೇಗೆಂದರೆ ಹಾಗೆ ಜೋಡಿಸಿ ತನ್ನದೇ ಗ್ರಾಹಕವನ್ನು ಕಟ್ಟಿಕೊಳ್ಳುತ್ತದೆ. ಆ ಗ್ರಾಹಕ ವೈರಾಣುವನ್ನು ಹಿಡಿಯಬಹುದು, ಏನನ್ನೂ ಹಿಡಿಯದೆ ಇರಬಹುದು, ನಮ್ಮದೇ ದೇಹವನ್ನು ಶತ್ರುವೆಂದು ಹಿಡಿಯಲೂಬಹುದು. ಮೂರನೆಯ ಬಗೆಯವನ್ನು ಥೈಮಸ್ ತಡೆಯುತ್ತದೆ. ಆದ್ದರಿಂದ ಸಾಯುವವೆಲ್ಲ ಅಪಾಯಕಾರಿ ಕೋಶಗಳೇ ಎಂದು ನಾನು ಎಣಿಸಿಕೊಂಡಿದ್ದೆ.

ವಿಧಾನ ಹೀಗಿತ್ತು. ಥೈಮಸ್ಸನ್ನು ಮಂಜುಗಡ್ಡೆಯ ಮೇಲೆ, 70 ಮೈಕ್ರಾನ್ ಜಾಲರಿಯಲ್ಲಿ ಸಿರಿಂಜಿನ ಹಿಂಬದಿಯಿಂದ ಮೆಲ್ಲಗೆ ಒತ್ತಿ ಕೋಶಗಳನ್ನು ಬಿಡಿಸುವುದು. ಬಣ್ಣ ಕಟ್ಟಿದ ಪ್ರತಿಕಾಯಗಳಿಂದ ಕೋಶದ ಮೈಮೇಲಿನ ಪ್ರೋಟೀನುಗಳಾದ ಸಿಡಿ4, ಸಿಡಿ8 ಗುರುತುಗಳನ್ನು ಹಚ್ಚುವುದು. ಫ್ಲೋ ಸೈಟೋಮೀಟರ್‌ನಲ್ಲಿ ಕೋಶಗಳನ್ನು ಒಂದೊಂದಾಗಿ ಹಾಯಿಸಿ ಅವುಗಳ ಬಣ್ಣವನ್ನು ಓದುವುದು. ಪರದೆಯ ಮೇಲೆ ನಾಲ್ಕು ಮೂಲೆಗಳು ಮೂಡುತ್ತವೆ. ಎರಡೂ ಗುರುತುಗಳಿಲ್ಲದ ಎಳೆಯವು ಕೆಳಗಿನ ಎಡಮೂಲೆಯಲ್ಲಿ. ಎರಡೂ ಇರುವವು ಮೇಲಿನ ಬಲಮೂಲೆಯಲ್ಲಿ ದಟ್ಟ ಮೋಡದಂತೆ, ಶೇ. 80ರಷ್ಟು. ಒಂದೇ ಗುರುತು ಉಳಿಸಿಕೊಂಡ ಬಲಿತ ಕೋಶಗಳು ಉಳಿದೆರಡು ಮೂಲೆಗಳಲ್ಲಿ ತೆಳುವಾಗಿ ಚೆದುರಿರುತ್ತವೆ.

ಮೊದಲ ಸಲ ನನ್ನ ಪರದೆಯಲ್ಲಿ ಬಲಿತವು ಅತಿಯಾಗಿದ್ದವು. ಥೈಮಸ್‌ಗೆ ಅಂಟಿಕೊಂಡೇ ಇರುವ ಪುಟ್ಟ ದುಗ್ಧಗ್ರಂಥಿಗಳನ್ನು ಕೀಳದೆ ಸೇರಿಸಿಬಿಟ್ಟಿದ್ದೆ. ಇನ್ನೊಮ್ಮೆ ಥೈಮಸ್ಸೇ ಕುಗ್ಗಿ, ಬಲಮೂಲೆಯ ಮೋಡ ಅರ್ಧದಷ್ಟು ಕರಗಿತ್ತು. ಪ್ರತಿಕಾಯ ಕೆಟ್ಟಿದೆಯೆಂದು ಎರಡು ದಿನ ಒದ್ದಾಡಿದೆ. ಆ ಇಲಿಗಳು ಹಿಂದಿನ ದಿನವಷ್ಟೇ ದೂರದಿಂದ ಬಂದಿದ್ದವು. ಒತ್ತಡದಲ್ಲಿ ಅಡ್ರಿನಲ್ ಗ್ರಂಥಿ ಸುರಿಸುವ ಸ್ಟೆರಾಯ್ಡ್‌ಗೆ ಈ ಜೋಡಿಗುರುತಿನ ಕೋಶಗಳು ಬಲುಬೇಗ ಬಲಿಯಾಗುತ್ತವೆ. ಅಂದಿನಿಂದ ಹೊಸ ಇಲಿಗಳಿಗೆ ಒಂದು ವಾರ ವಿಶ್ರಾಂತಿ ಕೊಡದೆ ನಾನು ಮುಟ್ಟುವುದಿಲ್ಲ.

ನಿಜವಾದ ಕಷ್ಟ ಸತ್ತ ಕೋಶಗಳನ್ನು ಹಿಡಿಯುವುದರಲ್ಲಿತ್ತು. ಥೈಮಸ್‌ನ ಮ್ಯಾಕ್ರೊಫೇಜ್‌ಗಳು ಸಾಯುತ್ತಿರುವ ಕೋಶವನ್ನು ಕೂಡಲೇ ನುಂಗಿ ಮುಗಿಸುತ್ತವೆ. ದಿನಕ್ಕೆ ಕೋಟಿಗಟ್ಟಲೆ ಸಾವು ನಡೆದರೂ ಸಿಗುವ ಹೆಣಗಳು ಬೆರಳೆಣಿಕೆಯಷ್ಟು. ಆದ್ದರಿಂದ ಸಾವಿನ ಹೊಸ್ತಿಲಲ್ಲಿರುವುದನ್ನೇ ಹಿಡಿಯಬೇಕು. ಅದಕ್ಕೆ ಗುರುತು, ತುಂಡಾಗಿ ಚುರುಕುಗೊಂಡ ಕ್ಯಾಸ್ಪೇಸ್-3 ಎಂಬ ಕಿಣ್ವ. ಜೊತೆಗೆ, ಒಳಕ್ಕೆ ಸಾಗುವ ಕೋಶಗಳ ಮೈಮೇಲೆ ಮೂಡುವ ಸಿಸಿಆರ್7 ಗುರುತನ್ನೂ ಹಚ್ಚಿದರೆ ಕೋಶ ಹೊರಪದರ ಕಾರ್ಟೆಕ್ಸ್‌ಗೆ ಸೇರಿದ್ದೋ ಒಳತಿರುಳು ಮೆಡುಲ್ಲಾಕ್ಕೆ ಸೇರಿದ್ದೋ ತಿಳಿಯುತ್ತದೆ. ಸಿಸಿಆರ್7 ಚೆನ್ನಾಗಿ ಹತ್ತಲು 37 ಡಿಗ್ರಿ ಶಾಖ ಬೇಕೆಂದು ಕೊಳವೆಗಳನ್ನು ಬೆಚ್ಚಗಿಟ್ಟೆ. ಕ್ಯಾಸ್ಪೇಸ್ ಅಂಕಿ ಏರಿತು, ಸಂತೋಷಪಟ್ಟೆ. ಆಮೇಲೆ ಅದೇ ಥೈಮಸ್‌ನ ಇನ್ನೊಂದು ಪಾಲನ್ನು ಬಿಡಿಸಿದ ಕೂಡಲೇ ಫಾರ್ಮಾಲ್ಡಿಹೈಡ್‌ನಲ್ಲಿ ಸ್ಥಿರಗೊಳಿಸಿ ಹೋಲಿಸಿದೆ. ಏರಿಕೆಯ ಬಹುಪಾಲು ನನ್ನ ಕೊಳವೆಯಲ್ಲೇ ಆದ ಸಾವು! ಈಗ ಪ್ರತಿ ಪ್ರಯೋಗದಲ್ಲೂ ಬೆಚ್ಚಗಿಡದೆ ಕೂಡಲೇ ಸ್ಥಿರಗೊಳಿಸಿದ ಆ ಕೊಳವೆ ಕಡ್ಡಾಯ.

ಇಷ್ಟೆಲ್ಲ ಸರಿಪಡಿಸಿಕೊಂಡ ಮೇಲೆ ಸಾಯುತ್ತಿದ್ದ ಕೋಶಗಳನ್ನು, ಗ್ರಾಹಕದಿಂದ ಸಂಕೇತ ಬಂದವು ಮತ್ತು ಬಾರದವು ಎಂದು ಎರಡು ಗುಂಪು ಮಾಡಿದೆ. ದೊಡ್ಡ ಗುಂಪು ಸಂಕೇತ ಬಾರದವುಗಳದು. ಅವು ಯಾವ ಅಪರಾಧವನ್ನೂ ಮಾಡಿರಲಿಲ್ಲ. ಕಾರ್ಟೆಕ್ಸ್‌ನ ಎಪಿಥೀಲಿಯಲ್ ಕೋಶಗಳು ಎಂಎಚ್‌ಸಿ ಅಣುಗಳ ಮೇಲೆ ದೇಹದ್ದೇ ಪ್ರೋಟೀನ್ ಚೂರುಗಳನ್ನು ಹಿಡಿದು ತೋರಿಸುತ್ತವೆ; ಅವುಗಳಿಗೆ ಇವುಗಳ ಗ್ರಾಹಕ ಹೊಂದಲಿಲ್ಲ, ಅಷ್ಟೆ. ಮೂರ್ನಾಲ್ಕು ದಿನ ಕಾದು ತಾವಾಗಿಯೇ ಸಾಯುತ್ತವೆ. ಹಿತಮಿತವಾಗಿ ಅಂಟಿದ್ದು ಬದುಕುತ್ತದೆ. ಗಟ್ಟಿಯಾಗಿ ಕಚ್ಚಿಕೊಂಡದ್ದನ್ನು ಮಾತ್ರ ಅಪಾಯವೆಂದು ತೆಗೆದುಹಾಕಲಾಗುತ್ತದೆ. ಈ ನಿರ್ಮೂಲನವೂ ಮೆಡುಲ್ಲಾದಲ್ಲೇ ನಡೆಯುತ್ತದೆಂಬ ನನ್ನ ನಂಬಿಕೆ ತಪ್ಪಾಗಿತ್ತು. ದೊಡ್ಡ ಪಾಲು ಕಾರ್ಟೆಕ್ಸ್‌ನಲ್ಲೇ ಮುಗಿದಿರುತ್ತದೆ. ಪಾಠಶಾಲೆಯ ಹೋಲಿಕೆಯನ್ನು ನಾನು ಅಲ್ಲಿಗೆ ಬಿಟ್ಟೆ. ಇಲ್ಲಿ ಯಾರೂ ಯಾರಿಗೂ ಕಲಿಸುತ್ತಿಲ್ಲ, ಒಮ್ಮೆ ಕಟ್ಟಿದ ಗ್ರಾಹಕ ಹೊಂದಿತೋ ಇಲ್ಲವೋ ಎಂಬುದಷ್ಟೇ ಪ್ರಶ್ನೆ.

ಆದರೂ ಮೆಡುಲ್ಲಾದ ಕೆಲಸ ಸಣ್ಣದಲ್ಲ. ಗಟ್ಟಿಯಾಗಿ ಅಂಟಿದ ಕೆಲವು ಕೋಶಗಳು ಅಲ್ಲಿ ಸಾಯುವ ಬದಲು ಫಾಕ್ಸ್‌ಪಿ3 ಜೀನನ್ನು ಚಾಲೂ ಮಾಡಿಕೊಂಡು, ಉಳಿದವನ್ನು ಹದ್ದುಬಸ್ತಿನಲ್ಲಿಡುವ ನಿಯಂತ್ರಕ ಟಿ ಕೋಶಗಳಾಗುತ್ತವೆ. 2025ರ ವೈದ್ಯಕೀಯ ನೊಬೆಲ್ ಬ್ರಂಕೋವ್, ರಾಮ್ಸ್‌ಡೆಲ್, ಸಕಾಗುಚಿ ಅವರಿಗೆ ಸಂದದ್ದು ಈ ಬಗೆಯ ಕೋಶಗಳ ಕೆಲಸಕ್ಕಾಗಿ. ಸುದ್ದಿ ಕೇಳಿದ ದಿನ ನಾನು ಸೂಕ್ಷ್ಮದರ್ಶಕದ ಕೋಣೆಯಲ್ಲಿದ್ದ ಹಳೆಯ ಗಾಜುಪಟ್ಟಿಯೊಂದನ್ನು ಮತ್ತೆ ತೆಗೆದು ನೋಡಿದೆ. ಮೆಡುಲ್ಲಾದ ಎಪಿಥೀಲಿಯಲ್ ಕೋಶದ ನ್ಯೂಕ್ಲಿಯಸ್‌ನಲ್ಲಿ ಸಾಸಿವೆ ಚೆಲ್ಲಿದಂತೆ ಹಸಿರು ಚುಕ್ಕೆಗಳು. ಅದು ‘ಏರ್’ ಎಂಬ ಪ್ರೋಟೀನ್. ಅದರ ದೆಸೆಯಿಂದ ಈ ಕೋಶಗಳು ಮೇದೋಜೀರಕದ ಇನ್ಸುಲಿನ್ನನ್ನೂ ಚೂರುಪಾರು ತಯಾರಿಸಿ, ಮುಂದೆ ಎದುರಾಗಲಿರುವ ಅಂಗಗಳ ಗುರುತನ್ನು ಟಿ ಕೋಶಗಳ ಮುಂದೆ ಹಿಡಿಯುತ್ತವೆ. ಏರ್ ಪ್ರೋಟೀನಿನ ಜೀನಿನ ಎರಡೂ ಪ್ರತಿಗಳು ಕೆಟ್ಟು ಹುಟ್ಟಿದ ಮಕ್ಕಳಲ್ಲಿ ಪ್ಯಾರಾಥೈರಾಯ್ಡ್, ಅಡ್ರಿನಲ್ ಗ್ರಂಥಿಗಳ ಮೇಲೆ ಅವರದೇ ಟಿ ಕೋಶಗಳು ಎರಗುತ್ತವೆ. ಪಟ್ಟಿಯಲ್ಲಿ ಅಂಥ ಹಸಿರು ಚುಕ್ಕೆಗಳಿದ್ದ ಕೋಶಗಳನ್ನು ಎಣಿಸಲು ಕುಳಿತೆ. ಇಡೀ ನೋಟದಲ್ಲಿ ಅವು ಕೆಲವೇ ಕೆಲವು.