ಬಿ.ಫಾರ್ಮ್ ಓದಲು ಹೊರಟವರು ಗಮನಿಸಬೇಕಾದದ್ದು

ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ಫಾರ್ಮಸಿ (ಔಷಧ ವಿಜ್ಞಾನ) ಕಲಿಯಲು 2 ವರ್ಷದ ಡಿ.ಫಾರ್ಮ್ ಡಿಪ್ಲೊಮಾ, 4 ವರ್ಷದ ಬಿ.ಫಾರ್ಮ್ ಪದವಿ ಮತ್ತು ಇಂಟರ್ನ್‌ಶಿಪ್ ಸೇರಿ 6 ವರ್ಷದ ಫಾರ್ಮ್.ಡಿ ಎಂಬ ದಾರಿಗಳಿವೆ. ಔಷಧದ ಅಂಗಡಿಯೊಂದೇ ಗುರಿಯಾಗಿದ್ದರೆ ಡಿ.ಫಾರ್ಮ್ ಸಾಕು, ತಯಾರಿಕೆ ಅಥವಾ ಗುಣಮಟ್ಟ ಪರೀಕ್ಷೆಯತ್ತ ಒಲವಿದ್ದರೆ ಬಿ.ಫಾರ್ಮ್ ಸೂಕ್ತ. ಕರ್ನಾಟಕದಲ್ಲಿ ಬಿ.ಫಾರ್ಮ್‌ನ ಸರ್ಕಾರಿ ಕೋಟಾದ ಸೀಟುಗಳು ಸಿಇಟಿ ಮೂಲಕ ಹಂಚಿಕೆಯಾಗುತ್ತವೆ. ಶುಲ್ಕ ಕಟ್ಟುವ ಮುನ್ನ ಕಾಲೇಜಿಗೆ ಭಾರತೀಯ ಫಾರ್ಮಸಿ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ನೀವೇ ನೋಡಿಕೊಳ್ಳಿ, ಏಕೆಂದರೆ 1948ರ ಫಾರ್ಮಸಿ ಕಾಯ್ದೆಯಡಿ ಫಾರ್ಮಾಸಿಸ್ಟ್ ಆಗಿ ನೋಂದಾಯಿಸಿಕೊಳ್ಳಲು ಅದು ಅಗತ್ಯ.

ಹೆಚ್ಚಿನವರು ಎಡವುವುದು ಫಾರ್ಮಕಾಲಜಿಯಲ್ಲಿ, ಅಂದರೆ ಔಷಧಗಳು ದೇಹದಲ್ಲಿ ಹೇಗೆ ಕೆಲಸ ಮಾಡುತ್ತವೆ ಎಂಬ ವಿಷಯದಲ್ಲಿ. ನೂರಾರು ಔಷಧಗಳ ಹೆಸರು ಮತ್ತು ಅಡ್ಡಪರಿಣಾಮಗಳನ್ನು ಬಾಯಿಪಾಠ ಮಾಡುವ ಬದಲು, ಪ್ರತಿಯೊಂದು ಗುಂಪಿನ ಒಂದು ಔಷಧವನ್ನು ಆಳವಾಗಿ ಓದಿ, ಉಳಿದವು ಅದರಿಂದ ಹೇಗೆ ಭಿನ್ನ ಎಂದು ಬರೆದುಕೊಳ್ಳುವುದು ಒಳ್ಳೆಯದು. ಉದಾಹರಣೆಗೆ, ರಕ್ತದೊತ್ತಡಕ್ಕೆ ಕೊಡುವ ಎನಲಾಪ್ರಿಲ್ ತಡೆಯುವ ಕಿಣ್ವವೇ ಬ್ರಾಡಿಕೈನಿನ್ ಎಂಬ ವಸ್ತುವನ್ನೂ ಒಡೆಯುತ್ತದೆ. ಕಿಣ್ವ ನಿಂತಾಗ ಬ್ರಾಡಿಕೈನಿನ್ ಹೆಚ್ಚಾಗಿ ಕೆಲವರಲ್ಲಿ ಒಣಕೆಮ್ಮು ಬರುತ್ತದೆ. ರಕ್ತದೊತ್ತಡದ ಇನ್ನೊಂದು ಔಷಧವಾದ ಲೋಸಾರ್ಟನ್ ಈ ಕಿಣ್ವವನ್ನು ತಡೆಯದೆ, ಜೀವಕೋಶದ ಗ್ರಾಹಕದ (ರಿಸೆಪ್ಟರ್) ಮಟ್ಟದಲ್ಲಿ ಕೆಲಸ ಮಾಡುವುದರಿಂದ ಆ ತೊಂದರೆ ಕಡಿಮೆ. ಕಾರಣ ತಿಳಿದವರಿಗೆ ಅಡ್ಡಪರಿಣಾಮ ಮರೆಯುವುದಿಲ್ಲ.

ಲೆಕ್ಕವನ್ನು ಹಗುರವಾಗಿ ಕಾಣಬೇಡಿ. ಶೇ. 5ರ ಡೆಕ್ಸ್‌ಟ್ರೋಸ್ ದ್ರಾವಣವೆಂದರೆ 100 ಮಿ.ಲೀ.ನಲ್ಲಿ 5 ಗ್ರಾಂ, ಹಾಗಾಗಿ 500 ಮಿ.ಲೀ. ಬಾಟಲಿಯಲ್ಲಿ 25 ಗ್ರಾಂ. ಇಂಥದ್ದು ಕ್ಯಾಲ್ಕುಲೇಟರ್ ಇಲ್ಲದೆ ಹೊಳೆಯುವಷ್ಟು ರೂಢಿಯಾಗಬೇಕು. ಪ್ರಯೋಗಾಲಯದ ರೆಕಾರ್ಡನ್ನು ಅಂದಂದೇ ಬರೆಯಿರಿ (ಗೆಳೆಯರದನ್ನು ನಕಲು ಮಾಡಿದವರು ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಬೇಗ ಸಿಕ್ಕಿಬೀಳುತ್ತಾರೆ). ಮುಂದೆ ಎಂ.ಫಾರ್ಮ್ (ಸ್ನಾತಕೋತ್ತರ ಪದವಿ) ಯೋಚನೆಯಿದ್ದರೆ ಅದರ ಪ್ರವೇಶ ಪರೀಕ್ಷೆಯಾದ ಜಿಪ್ಯಾಟ್‌ನ ಸಿದ್ಧತೆಯನ್ನು ಮೂರನೆಯ ವರ್ಷದಲ್ಲೇ ಆರಂಭಿಸಿ.