ನಾಲ್ಕು ಕಡೆ ಕೆಲಸ, ಮಧ್ಯಾಹ್ನ ಮನೆಗೆ

2021ರಲ್ಲಿ ನಾನು ಗಾರ್ಮೆಂಟ್ಸ್ ಬಿಟ್ಟೆ. ಪೀಣ್ಯದಲ್ಲಿ ಟೈಲರ್ ಆಗಿದ್ದೆ. ಬೆಳಿಗ್ಗೆ ಒಳಗೆ ಹೋದರೆ ಸಂಜೆ ತನಕ ಮಷಿನ್ ಮುಂದೆಯೇ. ಅತ್ತೆಗೆ ಲಕ್ವ ಹೊಡೆದ ಮೇಲೆ ಅದು ಸಾಧ್ಯವಾಗಲಿಲ್ಲ. ಮಧ್ಯಾಹ್ನ ಅವರಿಗೆ ಊಟ ತಿನ್ನಿಸಬೇಕು, ಮಗ್ಗುಲು ಬದಲಿಸಬೇಕು, ಬಟ್ಟೆ ತೆಗೆದು ಬೇರೆ ಹಾಕಬೇಕು. ನಮ್ಮ ಯಜಮಾನರು ಗೂಡ್ಸ್ ಆಟೋ ಓಡಿಸುತ್ತಾರೆ. ಬಾಡಿಗೆ ಸಿಕ್ಕ ದಿನ ದುಡ್ಡು, ಸಿಗದ ದಿನ ಡೀಸೆಲ್ ಸಾಲ. ನಾನು ದುಡಿಯದೆ ಇರುವ ಹಾಗೂ ಇಲ್ಲ, ಇಡೀ ದಿನ ಹೊರಗಿರುವ ಹಾಗೂ ಇಲ್ಲ.

ಅದಕ್ಕೇ ದಿನವನ್ನು ತುಂಡು ಮಾಡಿದೆ. ನಮ್ಮ ಮನೆ ಲಗ್ಗೆರೆಯಲ್ಲಿ. ಬೆಳಿಗ್ಗೆ 6ಕ್ಕೆ ನಂದಿನಿ ಲೇಔಟ್‌ನ ಒಂದು ಮನೆ, 8ಕ್ಕೆ ಇನ್ನೊಂದು. ಪಾತ್ರೆ, ಕಸ, ನೆಲ ಒರೆಸುವುದು. ದಾರಿಯಲ್ಲಿ ಇಂದಿರಾ ಕ್ಯಾಂಟೀನ್‌ನಲ್ಲಿ 5 ರೂಪಾಯಿ ತಿಂಡಿ. 10ರಿಂದ 1ರ ತನಕ ಒಂದು ಕ್ಲಿನಿಕ್‌ನಲ್ಲಿ ಹೌಸ್‌ಕೀಪಿಂಗ್. ಆಮೇಲೆ ಮನೆಗೆ, ಅತ್ತೆ ಹತ್ತಿರ. ಸಂಜೆ 5ರಿಂದ 7 ವಯಸ್ಸಾದ ಅಜ್ಜ ಅಜ್ಜಿಗೆ ಅಡುಗೆ. ಮೊದಲ ಮನೆಯಿಂದ 3,000, ಎರಡನೆಯದರಿಂದ 2,500, ಕ್ಲಿನಿಕ್‌ನಿಂದ 5,500, ಅಡುಗೆಗೆ 4,500. ಒಟ್ಟು 15,500. ಅದರಲ್ಲಿ 6,000 ಮನೆ ಬಾಡಿಗೆಗೇ ಹೋಗುತ್ತದೆ. ಗೃಹಲಕ್ಷ್ಮಿಯ 2,000 ಅತ್ತೆ ಖಾತೆಗೆ ಬರುತ್ತದೆ, ರೇಷನ್ ಕಾರ್ಡಿನಲ್ಲಿ ಅವರೇ ಯಜಮಾನಿ. ಅದು ಅವರ ಔಷಧಿ, ಡೈಪರ್‌ಗೆ ಸರಿಹೋಗುತ್ತದೆ.

ಎಲ್ಲ ಕೆಲಸವೂ ನಡೆದು ಹೋಗುವಷ್ಟು ಹತ್ತಿರ ಇರಬೇಕು. ಇದನ್ನು ನಾನು ಕೈಸುಟ್ಟುಕೊಂಡೇ ಕಲಿತೆ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು. ನಮಗೆ ಬಸ್ ಫ್ರೀ ಆಯಿತು. ಮಲ್ಲೇಶ್ವರದಲ್ಲಿ ಒಂದು ಮನೆಯವರು 1,000 ರೂಪಾಯಿ ಜಾಸ್ತಿ ಕೊಡುತ್ತೇವೆ ಅಂದರು. ಟಿಕೆಟ್ ಖರ್ಚು ಇಲ್ವಲ್ಲ ಅಂತ ಎರಡನೇ ಮನೆ ಬಿಟ್ಟು ಅದನ್ನು ಒಪ್ಪಿಕೊಂಡೆ. ಬಸ್ಸಿಗೆ ಕಾಯುವುದು, ನವರಂಗ್ ಸಿಗ್ನಲ್ಲಿನಲ್ಲಿ ನಿಲ್ಲುವುದು, ಎಲ್ಲ ಸೇರಿ ದಿನಕ್ಕೆ ಒಂದೂವರೆ ಗಂಟೆ ಹೋಯಿತು. ತಿಂಗಳ ಕೊನೆಗೆ ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಲೆಕ್ಕ ಬರೆದೆ. 26 ದಿನಕ್ಕೆ 39 ಗಂಟೆ. 1,000 ರೂಪಾಯಿಗೆ 39 ಗಂಟೆ ಅಂದರೆ ಗಂಟೆಗೆ 25 ರೂಪಾಯಿ ಚಿಲ್ಲರೆ. ಆ ಒಂದೂವರೆ ಗಂಟೆ ಅತ್ತೆಯ ಪಾಲಿನದು. ಬಿಟ್ಟುಬಿಟ್ಟೆ. ಹಳೇ ಮನೆಗೆ ಅಷ್ಟರಲ್ಲಿ ಬೇರೆಯವರು ಬಂದಿದ್ದರು. ಅದೇ ಬೀದಿಯಲ್ಲಿ ಇನ್ನೊಂದು ಮನೆ ಸಿಗಲು ಒಂದು ತಿಂಗಳು ಬೇಕಾಯಿತು.

ರಾತ್ರಿ ಹೂ ಕಟ್ಟುತ್ತೇನೆ. ಹೂವಿನವರು ಒದ್ದೆ ಬಟ್ಟೆಯಲ್ಲಿ ಮಲ್ಲಿಗೆ ಮೊಗ್ಗು ಕೊಟ್ಟು ಹೋಗುತ್ತಾರೆ, ಮಾರಿಗೆ ಇಷ್ಟು ಅಂತ ಕೂಲಿ. ದಾರದ ತುದಿಯನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡು, ಎರಡು ಮೊಗ್ಗು ಈ ಕಡೆ, ಎರಡು ಆ ಕಡೆ ಇಟ್ಟು, ಸುತ್ತಿ ಎಳೆಯಬೇಕು. ಬಿಗಿಯಾದರೆ ತೊಟ್ಟು ಮುರಿಯುತ್ತದೆ. ಸಡಿಲವಾದರೆ ಮೊಗ್ಗು ಜಾರುತ್ತದೆ. ದಿನವಿಡೀ ಫಿನಾಯಿಲ್, ಸೋಪಿನಲ್ಲಿ ಆಡಿದ ಕೈ, ಬೆರಳಿನ ತುದಿ ಸೀಳಿರುತ್ತದೆ. ದಾರ ಆ ಸೀಳಿಗೇ ಹೋಗಿ ಕೂರುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿದರೆ ಹೂವಿಗೆ ಕಲೆ. ಅದಕ್ಕೇ ಎಣ್ಣೆ ಕೆಲಸವೆಲ್ಲ ಮುಗಿದ ಮೇಲೆ, ಮಲಗುವಾಗ. ಇದರಿಂದ ಬರುವುದು ತಿಂಗಳಿಗೆ ಸಾವಿರದ ಆಸುಪಾಸು ಅಷ್ಟೇ. ಆದರೂ ಬಿಡುವುದಿಲ್ಲ. ನಾನು ಅತ್ತೆಯ ಮಂಚದ ಪಕ್ಕ ಕೂತಿರುತ್ತೇನೆ, ಅವರು ಎಡಗೈಯಿಂದ ಎರಡೆರಡೇ ಮೊಗ್ಗು ಎತ್ತಿ ಕೊಡುತ್ತಾರೆ. ಬಲಗೈ ಆಡುವುದಿಲ್ಲ. ಮಾತೂ ಸರಿಯಾಗಿ ಬರುವುದಿಲ್ಲ. ಆ ಹೊತ್ತು ನಮ್ಮಿಬ್ಬರದು.

ಗಾರ್ಮೆಂಟ್ಸ್‌ನಲ್ಲಿ ಪಿಎಫ್ ಉಳಿತಾಯ ಇತ್ತು, ಕಾಯಿಲೆ ಬಿದ್ದರೆ ಇಎಸ್‌ಐ ವಿಮೆ ಇತ್ತು. ಅದು ಎಷ್ಟು ದೊಡ್ಡದು ಅಂತ ಬಿಟ್ಟ ಮೇಲೆ ಗೊತ್ತಾಯಿತು. ಪಿಎಫ್ ದುಡ್ಡು ಪೂರ್ತಿ ತೆಗೆಯುವ ಹಾಗಿಲ್ಲ ಅಂತ ಕೇಂದ್ರ ಸರ್ಕಾರ ನಿಯಮ ತಂದಿದ್ದಕ್ಕೆ 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರೆಲ್ಲ ರಸ್ತೆಗೆ ಇಳಿದಿದ್ದರು. ನಾನೂ ತುಮಕೂರು ರಸ್ತೆಯಲ್ಲಿ ನಿಂತಿದ್ದೆ. ಆ ನಿಯಮ ವಾಪಸ್ ಹೋಯಿತು. ಅತ್ತೆಯ ಆಸ್ಪತ್ರೆ ಬಿಲ್ ಕಟ್ಟಿದ್ದು ಅದೇ ಪಿಎಫ್ ದುಡ್ಡಿನಲ್ಲಿ. ಈಗ ನಾಲ್ಕು ಕಡೆ ದುಡಿಯುತ್ತೇನೆ, ನಾಲ್ಕು ಕಡೆಯೂ ಪಿಎಫ್ ಇಲ್ಲ. ಮನೆಗೆಲಸಕ್ಕೆ ಕರ್ನಾಟಕದಲ್ಲಿ 2004ರಲ್ಲೇ ಕನಿಷ್ಠ ಕೂಲಿ ಗೊತ್ತು ಮಾಡಿದ್ದಾರೆ. ನನ್ನನ್ನು ಕೆಲಸಕ್ಕೆ ಇಟ್ಟುಕೊಂಡವರಲ್ಲಿ ಒಬ್ಬರೂ ಅದರ ಮಾತೆತ್ತಿಲ್ಲ. ಇದು ಸರಿಯಲ್ಲ. ನನಗೆ ಇದರ ಬಗ್ಗೆ ಸಿಟ್ಟಿದೆ.

2024ರ ಮಳೆಗಾಲದಲ್ಲಿ ಡೆಂಗ್ಯೂ ಬಂತು. ಹನ್ನೆರಡು ದಿನ ಏಳಲಾಗಲಿಲ್ಲ. ಅಜ್ಜಿ ಮಾತ್ರ ಪೂರ್ತಿ ಸಂಬಳ ಕೊಟ್ಟರು, ಮೇಲೆ ಗಂಜಿಗೆ ಅಂತ ಅಕ್ಕಿ ತರಿ ಕಳಿಸಿದರು. ಕ್ಲಿನಿಕ್‌ನ ಕಂಟ್ರಾಕ್ಟರ್ ಹನ್ನೆರಡು ದಿನದ್ದೂ ಹಿಡಿದುಕೊಂಡ. ಒಂದು ಮನೆ ಕೈತಪ್ಪಿತು.

ಎದ್ದು ಓಡಾಡುವ ಹಾಗಾದ ಮೇಲೆ ನಮ್ಮ ವಠಾರದ ಇಬ್ಬರು ಅಕ್ಕಂದಿರ ಜೊತೆ ಕೂತು ಮಾತಾಡಿದೆ. ಅವರೂ ಮನೆಗೆಲಸದವರೇ. ಒಬ್ಬರಿಗೆ ಆಗದಿದ್ದರೆ ಇನ್ನಿಬ್ಬರು ಅವರ ಮನೆ ಹಂಚಿಕೊಂಡು ಮಾಡುವುದು, ಆ ದಿನದ ಸಂಬಳ ಮಾಡಿದವರಿಗೆ, ಮನೆ ಮಾತ್ರ ಹಳಬರದ್ದೇ. ಬದಲಿಗೆ ಹೋದವಳು ಆ ಮನೆ ತನಗೆ ಕೇಳಬಾರದು. ಈ ಕೊನೆಯ ಮಾತು ಮುಖ್ಯ. ಮೂರೂ ಜನ ಒಬ್ಬರ ಮನೆಯವರಿಗೆ ಇನ್ನೊಬ್ಬರನ್ನು ಮೊದಲೇ ಕರೆದುಕೊಂಡು ಹೋಗಿ ತೋರಿಸಿದೆವು. ಪಾತ್ರೆ ಎಲ್ಲಿಡಬೇಕು, ದೇವರ ಮನೆ ಮುಟ್ಟಬಹುದಾ, ನಾಯಿ ಇದೆಯಾ, ಎಲ್ಲ ಹೇಳಿಕೊಟ್ಟೆವು. ಒಂದು ಮನೆಯವರು ಬೇರೆಯವರು ಬೇಡ ಅಂದರು. ಹಾಗಾದರೆ ತಿಂಗಳಿಗೆ ನಾಲ್ಕು ರಜ ಕೊಡಿ, ಸಂಬಳ ಹಿಡಿಯಬೇಡಿ ಅಂದೆ. ಎರಡು ದಿನ ಬಿಟ್ಟು ಒಪ್ಪಿದರು. ಹೊಸ ಮನೆ ಒಪ್ಪಿಕೊಳ್ಳುವಾಗ ಈಗ ಸಂಬಳಕ್ಕಿಂತ ಮೊದಲು ಇದನ್ನೇ ಕೇಳುತ್ತೇನೆ.

ಅಲ್ಲಿಂದ ಈಚೆಗೆ ಮೂವರಲ್ಲಿ ಯಾರಿಗೂ ಮನೆ ತಪ್ಪಿಲ್ಲ. ನಾಳೆ ಪಕ್ಕದ ಮನೆ ಅಕ್ಕನ ಮಗಳ ಸೀಮಂತ, ಅವರ ಒಂದು ಮನೆ ನನ್ನ ಪಾಲಿಗೆ ಬಂದಿದೆ. 5ಕ್ಕೇ ಹೊರಡಬೇಕು. ಅತ್ತೆಗೆ ಬೆಳಗಿನ ಕಾಫಿ ಮಗಳು ಕೊಡುತ್ತಾಳೆ.